ಮೊಬೈಲಿನಲ್ಲಿ ನೋಡೋಣ, ಸಭೆಯಲ್ಲಿ ಕೇಳೋಣ



ಊರಿನ ಯೋಜನೆಗೆ ಜನರೇ ಮೊಬೈಲಿನಲ್ಲಿ ಸಲಹೆ ಕೊಡಬಹುದು ಅಂತ ಈಗ ಎಲ್ಲ ಕಡೆ ಕೇಳುತ್ತೇವೆ. ನಮ್ಮ ಜಿಲ್ಲೆಯಲ್ಲೂ ಇದು ನಡೆದಿದೆ. 2015ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಸ್ಮಾರ್ಟ್ ಸಿಟಿ ಯೋಜನೆ ಆರಂಭಿಸಿದಾಗ, ಪ್ರತಿ ನಗರವೂ ಜನರನ್ನು ಕೇಳಿಯೇ ಪ್ರಸ್ತಾವನೆ ಸಿದ್ಧಪಡಿಸಬೇಕೆಂದು ಹೇಳಿತ್ತು. ಹಾಗೆ ಕೇಳಿದ್ದಕ್ಕೆ ಅಂಕವೂ ಇತ್ತು! 'ಮೈಗವ್' ಜಾಲತಾಣದಲ್ಲಿ ಜನ ಅಭಿಪ್ರಾಯ ಬರೆದರು. 2016ರ ಜನವರಿಯಲ್ಲಿ ಬಂದ ಮೊದಲ 20 ನಗರಗಳ ಪಟ್ಟಿಯಲ್ಲಿ ಬೆಳಗಾವಿಯೂ ಇತ್ತು. 2025ರ ಮಾರ್ಚ್‌ಗೆ ಆ ಯೋಜನೆ ಮುಗಿದಿದೆ.

ಆದರೆ ಜಾಲತಾಣದಲ್ಲಿ ಬರೆದ ಅಭಿಪ್ರಾಯ ಬೇರೆ, ಕಾನೂನು ಲೆಕ್ಕಕ್ಕೆ ಹಿಡಿಯುವ ಆಕ್ಷೇಪಣೆ ಬೇರೆ. ನಗರದ ಮಹಾಯೋಜನೆ ಪ್ರಕಟವಾದಾಗ, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಗೊತ್ತುಪಡಿಸಿದ ದಿನಗಳೊಳಗೆ ಲಿಖಿತ ಆಕ್ಷೇಪಣೆ ಕೊಟ್ಟರೆ ಅದನ್ನು ಪರಿಶೀಲಿಸಲೇಬೇಕು. ಮೊಬೈಲಿನಲ್ಲಿ ಬರೆದು ಸುಮ್ಮನೆ ಕೂತರೆ ಆ ಬಲ ಬರುವುದಿಲ್ಲ.

"ಅದೆಲ್ಲಾ ಪ್ಯಾಟಿ ಮಾತಾತ್ರಿ, ನಮ್ಮ ತೆಲಸಂಗಕ್ಕೇನು?" ಅಂತೀರಾ? ನಮ್ಮದು ಗ್ರಾಮ ಪಂಚಾಯಿತಿ. ಇಲ್ಲಿಯೂ ಪ್ರತಿ ವರ್ಷ ಅಭಿವೃದ್ಧಿ ಯೋಜನೆ ತಯಾರಾಗಬೇಕು. ಅದು 2020ರ ಏಪ್ರಿಲ್ 24ರಂದು ಆರಂಭವಾದ 'ಇ-ಗ್ರಾಮ ಸ್ವರಾಜ್' ಜಾಲತಾಣಕ್ಕೆ ಏರುತ್ತದೆ. ರಾಜ್ಯ, ಜಿಲ್ಲೆ, ತಾಲೂಕು, ಪಂಚಾಯಿತಿ, ವರ್ಷ ಆರಿಸಿದರೆ ಯಾವ ಕೆಲಸ, ಎಷ್ಟು ರೂಪಾಯಿ ಎಂಬುದು ಕಾಣುತ್ತದೆ. ಕಣ್ಣು ಕಾಣದ ಅಜ್ಜಿಗೆ ಮೊಮ್ಮಗಳು ಓದಿ ಹೇಳಿದರೂ ಸಾಕು.

ಇದರಿಂದ ನಮಗೇನು ಲಾಭ? ಒಂದು ಉದಾಹರಣೆ ನೋಡೋಣ. 15ನೇ ಹಣಕಾಸು ಆಯೋಗವು 2021-26ರ ಅವಧಿಗೆ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇ. 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿಟ್ಟಿತ್ತು. ಆ ದುಡ್ಡು ರಸ್ತೆಗೆ ಹೋಗುವಂತಿಲ್ಲ. ನಿಮ್ಮ ಓಣಿಗೆ ನೀರು ಬರದಿದ್ದರೆ, ಆ ವರ್ಷಗಳಲ್ಲಿ ನೀರಿನ ಬಾಬ್ತಿಗೆ ಯಾವ ಕೆಲಸ ಬರೆದಿದ್ದಾರೆ, ಎಷ್ಟು ಖರ್ಚಾಗಿದೆ ಎಂದು ನೋಡಿಕೊಂಡು ಸಭೆಗೆ ಹೋಗಬಹುದು. ಬರೀ "ನೀರಿಲ್ರೀ" ಅನ್ನುವುದಕ್ಕೂ ಲೆಕ್ಕ ಹಿಡಿದು ಕೇಳುವುದಕ್ಕೂ ಬಹಳ ಫರಕು ಇದೆ.

ಕೇಳುವ ಜಾಗ ಮಾತ್ರ ಗ್ರಾಮಸಭೆಯೇ. ಅಲ್ಲಿ ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಮಂದಿ ಇರಬೇಕು. ಖಾಲಿ ಸಭೆಗೆ ಆಮೇಲೆ ಮನೆ ಮನೆಗೆ ಬಂದು ಸಹಿ ಕೇಳಿದರೆ ಹಾಕಬೇಡಿ. ಸಂಘದ ಅಕ್ಕ-ತಂಗಿಯರು ಒಟ್ಟಿಗೆ ಹೋಗಿ, ಬೇಡಿಕೆಯನ್ನು ಬರೆದು ಕೊಟ್ಟು, ಸ್ವೀಕೃತಿ ಪಡೆಯಿರಿ. ನಿಮ್ಮ ಬೇಡಿಕೆ ನಡಾವಳಿ ಪುಸ್ತಕದಲ್ಲಿ ಬಂದಿದೆಯೇ ಎಂದು ಅಲ್ಲೇ ಓದಿಸಿ ಕೇಳಿ. ಆಮೇಲೆ ಯೋಜನೆ ಜಾಲತಾಣಕ್ಕೆ ಏರಿದಾಗ ಮತ್ತೊಮ್ಮೆ ನೋಡಿ. ನಡಾವಳಿಯಲ್ಲಿದ್ದ ಕೆಲಸ ಅಲ್ಲಿ ಇಲ್ಲದಿದ್ದರೆ, ಆ ಸ್ವೀಕೃತಿ ಚೀಟಿ ಹಿಡಿದುಕೊಂಡು ಪಿಡಿಓ ಅವರನ್ನು ಕಾಣಿರಿ.