ಎಂಟು ಸೆಮಿಸ್ಟರಿಗೆ ಎಷ್ಟು ಕಟಾ?

ಹೋದ ಸಂಕ್ರಾಂತಿಗೆ ಯಲ್ದೂರಿಗೆ ಹೋದಾಗ ಒಂಬತ್ತನೇ ಕ್ಲಾಸಿನ ತಂಗಿ ನನ್ನ ಬಲಗೈ ಮಣಿಕಟ್ಟು ಗಟ್ಟಿಯಾಗಿ ಹಿಡಿದು, "ಬಿಡಿಸ್ಕೊ ಅಣ್ಣ, ನೋಡೋಣ" ಅಂದಳು. ಹೈಸ್ಕೂಲಿನಲ್ಲಿದ್ದಾಗ ಎರಡು ವರ್ಷ ಬಸ್ಸು ಹತ್ತಿ ಹೋಗಿ ಕರಾಟೆ ಕಲಿತವನು ನಾನು. ಎಂಟು ಕಟಾ ಬರುತ್ತಿದ್ದವು. ಆದರೂ ಎಷ್ಟು ಎಳೆದರೂ ಕೈ ಬರಲಿಲ್ಲ. ಅವಳು ಕಲಿತದ್ದು ಮೂರೇ ತಿಂಗಳು. ಸಮಗ್ರ ಶಿಕ್ಷಣದಡಿ ಸರ್ಕಾರಿ ಶಾಲೆಗಳ 6ರಿಂದ 12ನೇ ತರಗತಿಯ ಹುಡುಗಿಯರಿಗೆ ಕೊಡುವ ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಣಾ ತರಬೇತಿ ಅದು. ಅವಳಿಗೆ ಒಂದು ಕಟಾನೂ ಬರೋದಿಲ್ಲ.

ಕಟಾ ಅಂದರೆ ಎದುರಾಳಿಯನ್ನು ಕಲ್ಪಿಸಿಕೊಂಡು, ಗೊತ್ತಾದ ಕ್ರಮದಲ್ಲಿ ಒಬ್ಬರೇ ಮಾಡುವ ತಡೆ, ಹೊಡೆತಗಳ ಸರಣಿ. ಶೊಟೊಕಾನ್ ಶೈಲಿಯಲ್ಲಿ ಮೊದಲು ಕಲಿಯೋದು ಹೀಯಾನ್ ಶೋದಾನ್, ಒಟ್ಟು 21 ಚಲನೆ. ಅದರ ನಾಲ್ಕನೆಯದರಲ್ಲಿ ಮುಂದಿನ ಕಾಲನ್ನು ಹಿಂದಕ್ಕೆ ಸೆಳೆಯುತ್ತ, ಕೈಯನ್ನು ಮೈ ಕಡೆಗೆ ಎಳೆದು, ಮೇಲಿನಿಂದ ಸುತ್ತಿಸಿ ಮುಷ್ಟಿಯನ್ನು ಸುತ್ತಿಗೆ ಥರ ಬಡಿಯಬೇಕು. ಮಣಿಕಟ್ಟು ಹಿಡಿದವನಿಂದ ಬಿಡಿಸಿಕೊಳ್ಳುವ ಉಪಾಯವೇ ಅದು! ಹಿಡಿತ ಸಡಿಲವಾಗಿರುವುದು ಹೆಬ್ಬೆರಳಿನ ಕಡೆ. ಕೈ ಆ ಕಡೆಗೆ ತಿರುಗಬೇಕು, ಎಳೆತಕ್ಕೆ ಇಡೀ ಮೈಯ ಭಾರ ಸೇರಬೇಕು. ನಾನು ಬರೀ ತೋಳಿನಿಂದ ಎಳೆದಿದ್ದೆ. ಆ ಚಲನೆಯನ್ನು ನೂರಾರು ಸಲ ಮಾಡಿದ್ದೆ, ಯಾಕೆ ಅಂತ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಪುರುಸೊತ್ತಾದರೂ ಎಲ್ಲಿತ್ತು? ಮೂರು ತಿಂಗಳಿಗೊಂದು ಬೆಲ್ಟ್ ಪರೀಕ್ಷೆ, ಅದಕ್ಕೊಂದು ಫೀಸು, ಅದಕ್ಕೊಂದು ಹೊಸ ಕಟಾ. ಪರೀಕ್ಷೆಯ ಹಿಂದಿನ ರಾತ್ರಿ ಐದೂ ಮಾಡ್ಯೂಲ್ ಉರು ಹೊಡೆದು ಬರೆದ ಹಾಗೆ.

ಹಳಬರು ಇಷ್ಟು ಅವಸರ ಮಾಡಲಿಲ್ಲ. ಒಕಿನಾವಾದಿಂದ 1922ರಲ್ಲಿ ಟೋಕಿಯೊಗೆ ಕರಾಟೆ ಒಯ್ದ ಗಿಚಿನ್ ಫುನಾಕೋಶಿ, ಟೆಕ್ಕಿ ಎಂಬ ಮೂರು ಕಟಾಗಳಿಗೇ ಹತ್ತು ವರ್ಷ ಕೊಟ್ಟೆ ಎಂದು ಬರೆದುಕೊಂಡಿದ್ದಾರೆ. ಉಯೆಚಿ ಕಾನ್‌ಬುನ್ ಚೀನಾದಲ್ಲಿ ವರ್ಷಗಟ್ಟಲೆ ಇದ್ದು ತಂದದ್ದು ಮೂರೇ ಕಟಾ. ಅವೇ ಉಯೆಚಿ ರ‍್ಯೂ ಶೈಲಿಗೆ ಬುನಾದಿ. ಹಾಗಂತ ಹೆಚ್ಚು ಕಲಿತವರೆಲ್ಲ ಟೊಳ್ಳು ಅಂತಲ್ಲ. ಶಿತೊ ರ‍್ಯೂ ಕಟ್ಟಿದ ಕೆನ್ವಾ ಮಬುನಿ ಇಬ್ಬರು ಗುರುಗಳ ಪರಂಪರೆಯನ್ನು ಕೂಡಿಸಿಕೊಂಡು ಹತ್ತಾರು ಕಟಾ ಉಳಿಸಿದರು. ಆದರೆ ಅವರದು ಒಂದು ಜೀವಮಾನದ ಕೆಲಸ. ಇನ್ನು ಸ್ಪರ್ಧೆಗೆ ಹೋಗುವವರ ಲೆಕ್ಕವೇ ಬೇರೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸುತ್ತಿಗೊಂದು ಬೇರೆ ಕಟಾ ಮಾಡಬೇಕಿತ್ತು. ಅಲ್ಲಿ ಸಂಖ್ಯೆ ಬೇಕೇ ಬೇಕು.

ನಮ್ಮಂಥವರಿಗೆ ಎಷ್ಟು? ಶೊಟೊಕಾನ್‌ನಲ್ಲಿ ಬ್ಲ್ಯಾಕ್ ಬೆಲ್ಟ್‌ವರೆಗೆ ಸಾಮಾನ್ಯವಾಗಿ ಕೇಳುವುದು ಏಳು: ಹೀಯಾನ್ ಐದು, ಟೆಕ್ಕಿ ಶೋದಾನ್ ಒಂದು, ಬಸ್ಸಾಯ್ ದಾಯ್‌ನಂಥದ್ದು ಇನ್ನೊಂದು. ಬಿಇ ಎಂಟು ಸೆಮಿಸ್ಟರ್. ಸೆಮಿಸ್ಟರಿಗೊಂದು ಕಟಾ ಅಂತ ಇಟ್ಟುಕೊಂಡರೂ ಒಂದು ಸೆಮಿಸ್ಟರ್ ಬ್ಯಾಕ್‌ಲಾಗ್‌ಗೆ ಉಳಿಯುತ್ತೆ. ಮೊದಲನೆಯದಕ್ಕೆ ವರ್ಷವೇ ಹಿಡಿದರೂ ನನಗೆ ತಪ್ಪು ಕಾಣೋದಿಲ್ಲ, ಯಾಕಂದರೆ ನಿಲುವು, ಸೊಂಟದ ತಿರುವು, ಉಸಿರು ಎಲ್ಲ ಕೂರುವುದು ಅದರಲ್ಲೇ. ಒಂದು ವರ್ಷದಲ್ಲಿ ಬ್ಲ್ಯಾಕ್ ಬೆಲ್ಟ್ ಅನ್ನುವ ಪಾಂಪ್ಲೆಟ್ ಕಂಡರೆ ದುಡ್ಡು ಜೇಬಲ್ಲೇ ಇರಲಿ.

ಮುಂದಿನ ಕಟಾಗೆ ಯಾವಾಗ ಹೋಗಬಹುದು? ಕ್ರಮ ನೆನಪಿದ್ದರೆ ಸಾಲದು. ಕಟಾದ ಯಾವುದಾದರೂ ಮೂರು ಚಲನೆ ಆರಿಸಿ, ರೂಮ್‌ಮೇಟ್‌ಗೆ ನಿಜವಾಗಿಯೇ ಹಿಡಿಯೋಕೆ, ತಳ್ಳೋಕೆ ಹೇಳಿ. ಅವನು ಪಾಪ ಅಂತ ಬಿಟ್ಟುಕೊಡಬಾರದು. ಮೂರೂ ಕೆಲಸ ಮಾಡಿದರೆ ಮುಂದಕ್ಕೆ ಹೋಗಿ. ಇದಕ್ಕೆ ಜಪಾನಿಯಲ್ಲಿ ಬುಂಕಾಯ್ ಅಂತಾರೆ, ಕಟಾವನ್ನು ಬಿಡಿಸಿ ನೋಡೋದು. ನಿಮ್ಮ ಮಾಸ್ಟರ್ ಅದನ್ನು ಹೇಳಿಕೊಡದಿದ್ದರೆ ಕೇಳಿ.

ತಂಗಿಯದು ಮೂರು ತಿಂಗಳ ತರಬೇತಿ. ಅಷ್ಟರಲ್ಲಿ ಕಟಾ ಇಲ್ಲದೆ, ಬಿಡಿಸಿಕೊಂಡು ಕೂಗಿ ಓಡೋದನ್ನು ಕಲಿಸಿದ್ದೇ ಸರಿ. ಈಗ ಅವಳಿಗೆ ಹೀಯಾನ್ ಶೋದಾನ್ ಹೇಳಿಕೊಡುತ್ತಿದ್ದೇನೆ. ಇನ್ನೂ ಒಂಬತ್ತನೇ ಚಲನೆಯಲ್ಲೇ ಇದ್ದೇವೆ. ಪ್ರತಿಯೊಂದಕ್ಕೂ "ಇದ್ಯಾಕೆ?" ಅಂತಾಳೆ, ಅರ್ಧಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.