ತಲೆಬುರುಡೆಯಲ್ಲಿ ಸಿಗದ ಕಳ್ಳ

‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಮಾತನ್ನು ಅಳತೆಪಟ್ಟಿ ಹಿಡಿದು ಸಾಧಿಸಲು ಹೊರಟ ವಿಜ್ಞಾನಿಯೊಬ್ಬನಿದ್ದ. ಇಟಲಿಯ ವೈದ್ಯ ಚೆಸಾರೆ ಲೊಂಬ್ರೋಸೊ (1835-1909). ಕಲಾಬ್ರಿಯಾ ಪ್ರಾಂತದ ವಿಲ್ಲೆಲ್ಲಾ ಎಂಬ ಕಳ್ಳನ ತಲೆಬುರುಡೆಯನ್ನು ಪರೀಕ್ಷಿಸುವಾಗ ಅದರ ಹಿಂಭಾಗದಲ್ಲಿ ಆತನಿಗೆ ಒಂದು ಸಣ್ಣ ಕುಳಿ ಕಂಡಿತು. ಮನುಷ್ಯನಿಗಿಂತ ಕೆಳಗಿನ ಪ್ರಾಣಿಗಳಲ್ಲಿರುವ ಕುಳಿ ಇದು. ಆದ್ದರಿಂದ ಈತ ವಿಕಾಸದ ಏಣಿಯಲ್ಲಿ ಹಿಂದಕ್ಕೆ ಜಾರಿದವನು, ಅರ್ಥಾತ್ ಹುಟ್ಟು ಅಪರಾಧಿ ಎಂದು ಲೊಂಬ್ರೋಸೊ ತೀರ್ಮಾನಿಸಿದ. ದೊಡ್ಡ ದವಡೆ, ಅಗಲ ಕಿವಿ, ಉದ್ದ ತೋಳು, ಮೈಮೇಲಿನ ಹಚ್ಚೆ ಎಲ್ಲವೂ ಆತನ 1876ರ ಗ್ರಂಥದಲ್ಲಿ ಅಪರಾಧದ ಗುರುತುಗಳಾದವು. (ಹಾಗೆಂದರೆ ನಮ್ಮ ಹಳ್ಳಿಗಳ ಹಚ್ಚೆ ಹಾಕಿಸಿಕೊಂಡ ಅಜ್ಜಿಯರ ಗತಿಯೇನು?) ತನ್ನ ವಾದದಲ್ಲಿ ಆತನಿಗೆ ಎಷ್ಟು ನಂಬಿಕೆಯಿತ್ತೋ, ವಿಜ್ಞಾನದಲ್ಲೂ ಅಷ್ಟೇ ನಿಷ್ಠೆ ಇತ್ತು. ಸತ್ತ ಮೇಲೆ ತನ್ನ ದೇಹವನ್ನೂ ಅಧ್ಯಯನಕ್ಕೆ ಬಿಟ್ಟುಕೊಟ್ಟ. ಆತನ ಅಸ್ಥಿಪಂಜರ ಟ್ಯೂರಿನ್ ನಗರದ ವಸ್ತುಸಂಗ್ರಹಾಲಯದಲ್ಲಿದೆ.

ಈ ವಾದಕ್ಕೆ ಬಲವಾದ ಪೆಟ್ಟು ಬಿದ್ದದ್ದು 1913ರಲ್ಲಿ. ಇಂಗ್ಲೆಂಡಿನ ಸೆರೆಮನೆ ವೈದ್ಯ ಚಾರ್ಲ್ಸ್ ಗೋರಿಂಗ್ ಸುಮಾರು 3,000 ಕೈದಿಗಳನ್ನು ತಲೆಯಿಂದ ಕಾಲಿನವರೆಗೆ ಅಳೆದು, ಬೇರೆಯವರ ಅಳತೆಗಳೊಡನೆ ಹೋಲಿಸಿ, ‘ಅಪರಾಧಿ ಆಕಾರ’ ಎಂಬುದೊಂದಿಲ್ಲ ಎಂದು ಪ್ರಕಟಿಸಿದ.

ಆಕಾರ ಹೋಯಿತು, ಸ್ವಭಾವ ಉಳಿಯಿತು. ಬ್ರಿಟನ್ನಿನ ಮನೋವಿಜ್ಞಾನಿ ಹ್ಯಾನ್ಸ್ ಐಸೆಂಕ್ 1964ರಲ್ಲಿ ಹೊಸ ವಾದವೊಂದನ್ನು ಮುಂದಿಟ್ಟರು. ಬಹಿರ್ಮುಖಿಗಳ ನರಮಂಡಲ ನಿಧಾನವಾಗಿ ಪಾಠ ಕಲಿಯುತ್ತದೆ. ಬೈಗುಳ, ಶಿಕ್ಷೆಗಳ ಭಯ ಅಂಥವರಲ್ಲಿ ಬೇಗ ಬೇರೂರುವುದಿಲ್ಲ. ಹೀಗಾಗಿ ಅವರು ತಪ್ಪುದಾರಿ ಹಿಡಿಯುವ ಸಂಭವ ಹೆಚ್ಚು ಎಂಬುದು ಅದರ ಸಾರ. ಮಾತುಗಾರರೆಲ್ಲ ಕಳ್ಳರಲ್ಲ ಎಂಬುದು ಯಾರಿಗೂ ಗೊತ್ತಿರುವ ಸಂಗತಿ. ಬಹಿರ್ಮುಖತೆಯ ಈ ಸಂಬಂಧ ಮುಂದಿನ ಅಧ್ಯಯನಗಳಲ್ಲಿ ಗಟ್ಟಿಯಾಗಿ ನಿಲ್ಲಲಿಲ್ಲ. ನಿಂತದ್ದು ಬೇರೆ ಗುಣಗಳು: ಹಿಂದುಮುಂದು ನೋಡದೆ ನುಗ್ಗುವುದು, ಇತರರ ನೋವಿಗೆ ಮಿಡಿಯದಿರುವುದು, ಹಿಡಿದ ಕೆಲಸದಲ್ಲಿ ಶಿಸ್ತಿಲ್ಲದಿರುವುದು.

ನ್ಯೂಜಿಲೆಂಡಿನ ಡುನೆಡಿನ್ ಪಟ್ಟಣದ ಅಧ್ಯಯನ ಈ ದೃಷ್ಟಿಯಿಂದ ಬಹಳ ಮುಖ್ಯವಾದುದು. ಅಲ್ಲಿ 1972-73ರಲ್ಲಿ ಹುಟ್ಟಿದ 1,037 ಮಕ್ಕಳ ಬದುಕನ್ನು ತಜ್ಞರು ದಶಕಗಳ ಕಾಲ ಹಿಂಬಾಲಿಸಿದ್ದಾರೆ. ಮೂರರಿಂದ ಹನ್ನೊಂದನೇ ವಯಸ್ಸಿನವರೆಗೆ ಯಾರಲ್ಲಿ ಎಷ್ಟು ಸಂಯಮವಿದೆ ಎಂದು ತಂದೆತಾಯಿ, ಶಿಕ್ಷಕರು ಮೊದಲಾದವರ ಮೂಲಕ ಅಳೆಯಲಾಯಿತು. ಸಂಯಮ ಅತಿ ಕಡಿಮೆ ಇದ್ದ ಐದನೇ ಒಂದು ಭಾಗದ ಮಕ್ಕಳಲ್ಲಿ ಶೇ. 43 ಮಂದಿ 32 ವರ್ಷ ತುಂಬುವುದರೊಳಗೆ ಯಾವುದಾದರೊಂದು ಅಪರಾಧಕ್ಕೆ ಶಿಕ್ಷೆಗೆ ಗುರಿಯಾಗಿದ್ದರು. ಸಂಯಮ ಅತಿ ಹೆಚ್ಚಿದ್ದ ಭಾಗದಲ್ಲಿ ಈ ಪ್ರಮಾಣ ಶೇ. 13.

ಅಂತರ ದೊಡ್ಡದೇ. ಆದರೆ ಇದೇ ಲೆಕ್ಕವನ್ನು ಮಗುಚಿ ಹಾಕಿ ನೋಡಬೇಕು. ಮಹಾ ತುಂಟರೆನಿಸಿಕೊಂಡ ಮಕ್ಕಳಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ಕಟಕಟೆ ಹತ್ತಿ ಶಿಕ್ಷೆ ಪಡೆದವರಲ್ಲ. ಬೆಳೆಯುತ್ತ ಸಂಯಮ ಕಲಿತವರ ಬದುಕು ನಿರೀಕ್ಷೆಗಿಂತ ಚೆನ್ನಾಗಿಯೇ ಸಾಗಿದೆ. ಹದಿಹರೆಯದಲ್ಲಿ ಪುಂಡಾಟ ನಡೆಸಿದ ಬಹುಪಾಲು ಹುಡುಗರು ಪ್ರಾಯಕ್ಕೆ ಬಂದಮೇಲೆ ಅದನ್ನು ಬಿಟ್ಟುಬಿಡುತ್ತಾರೆ. ಚಿಕ್ಕಂದಿನಿಂದ ಕೊನೆತನಕ ಅದೇ ದಾರಿಯಲ್ಲಿ ನಡೆಯುವವರು ಕೆಲವರು ಮಾತ್ರ ಎಂದು ಇದೇ ಅಧ್ಯಯನದ ಟೆರ್ರಿ ಮೊಫಿಟ್ 1993ರಲ್ಲೇ ವಾದಿಸಿದ್ದರು. ಸ್ವಭಾವ ಸಂಭವವನ್ನು ಹೇಳಬಲ್ಲದು, ಒಬ್ಬ ವ್ಯಕ್ತಿಯ ಮೇಲೆ ತೀರ್ಪು ಕೊಡಲಾರದು.

ಈ ವ್ಯತ್ಯಾಸವನ್ನು ಮರೆತರೆ ಏನಾಗುತ್ತದೆಂಬುದನ್ನು ಭಾರತಕ್ಕೆ ಬೇರೆಯವರು ಹೇಳಿಕೊಡಬೇಕಿಲ್ಲ. ಲೊಂಬ್ರೋಸೊನ ಗ್ರಂಥಕ್ಕೂ ಐದು ವರ್ಷ ಮೊದಲೇ, 1871ರಲ್ಲಿ, ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದಿತು. ಇಲ್ಲಿ ಬಡಗಿಯ ಮಗ ಬಡಗಿಯಾಗುವಂತೆ ಕಳ್ಳನ ಮಗ ಕಳ್ಳನೇ ಆಗುತ್ತಾನೆ ಎಂಬುದು ಅಧಿಕಾರಿಗಳ ತರ್ಕ. ಒಬ್ಬೊಬ್ಬನ ಗುಣ ನೋಡುವ ಗೋಜೂ ಇಲ್ಲ. ಹುಟ್ಟಿದ ಕುಲವೇ ಸಾಕ್ಷಿ. ಹೆಸರು ನೋಂದಣಿ, ಬೆರಳಚ್ಚು, ಠಾಣೆಯಲ್ಲಿ ಹಾಜರಿ, ಊರು ಬಿಡಲು ಪರವಾನಗಿ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ಇಂಥವರಿಗಾಗಿಯೇ ವಸಾಹತುಗಳನ್ನು ಸ್ಥಾಪಿಸಿ ಕೊರಚರು, ಹರಣಶಿಕಾರಿಗಳು, ಗಂಟಿಚೋರರನ್ನು ಕಾವಲಿನಲ್ಲಿಡಲಾಯಿತು. ಗಂಟಿಚೋರರ ಪಾಲಿಗೆ ಆ ಕಳಂಕ ಸಮುದಾಯದ ಹೆಸರಿನಲ್ಲೇ ಅಂಟಿಕೊಂಡಿದೆ. ಹುಬ್ಬಳ್ಳಿಯ ಜನರ ಬಾಯಲ್ಲಿ ‘ಸೆಟ್ಲಮೆಂಟ್’ ಎಂಬ ಪದ ಇಂದಿಗೂ ಉಳಿದಿದೆ.

ಕಾಯ್ದೆ ರದ್ದಾದದ್ದು 1952ರಲ್ಲಿ. ಅದರ ಜಾಗಕ್ಕೆ ರಾಜ್ಯಗಳಲ್ಲಿ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು; ನಮ್ಮಲ್ಲಿ 1961ರಲ್ಲಿ. ಕಾಗದದ ಮೇಲೆ ಇವು ಕುಲವನ್ನಲ್ಲ, ಪದೇ ಪದೇ ಶಿಕ್ಷೆಗೊಳಗಾದ ವ್ಯಕ್ತಿಯನ್ನು ನೋಡುತ್ತವೆ. ಆದರೂ ಕೆಲ ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಅಲೆಮಾರಿ ಹಾಗೂ ವಿಮುಕ್ತ ಬುಡಕಟ್ಟಿನವರನ್ನು ರೂಢಿಗತ ಅಪರಾಧಿಗಳಂತೆ ಕಾಣುವ ನಿಯಮಗಳು ಹಾಗೆಯೇ ಇದ್ದವು. ಪತ್ರಕರ್ತೆಯೊಬ್ಬರ ಅರ್ಜಿಯ ಮೇಲೆ 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಅವುಗಳನ್ನು ಅಸಾಂವಿಧಾನಿಕವೆಂದು ಸಾರಿತು. ಕೈದಿಗಳ ನೋಂದಣಿ ಪುಸ್ತಕದಿಂದ ಜಾತಿಯ ಕಲಮನ್ನು ತೆಗೆದುಹಾಕಬೇಕೆಂದೂ, ವಿಮುಕ್ತ ಬುಡಕಟ್ಟಿನವರನ್ನು ಪೊಲೀಸರು ಮನಬಂದಂತೆ ಬಂಧಿಸಕೂಡದೆಂದೂ ಅದೇ ತೀರ್ಪು ಹೇಳಿದೆ.