ಮರಳು ಮುಚ್ಚಿಟ್ಟ ಊರು ಪಟಾರಾ



ಅಟ್ಲಾಸಿನಲ್ಲಿ ಟರ್ಕಿ ದೇಶ ಹುಡುಕಿ. ಅದರ ದಕ್ಷಿಣಕ್ಕೆ ಇರುವುದು ಮೆಡಿಟರೇನಿಯನ್ ಸಮುದ್ರ. ಆ ಕರಾವಳಿಯ ಪಶ್ಚಿಮ ಭಾಗದಲ್ಲಿ ಗೆಲೆಮಿಷ್ ಅಂತ ಒಂದು ಸಣ್ಣ ಹಳ್ಳಿ ಇದೆ. ಹಳ್ಳಿಯ ಪಕ್ಕದಲ್ಲೇ ಪಟಾರಾ ಅನ್ನೋ ಪುರಾತನ ಪಟ್ಟಣದ ಅವಶೇಷಗಳು. ಅದನ್ನು ದಾಟಿದರೆ ಸಮುದ್ರ. ನಾನು ಅಲ್ಲಿಗೆ ಹೋದವಳಲ್ಲ. ಓದಿ ತಿಳಿದದ್ದನ್ನು ನಿಮಗೂ ಹೇಳೋಣ ಅಂತ ಬರೆದಿದ್ದೇನೆ.

ಈ ಊರನ್ನು ಹಾಳು ಮಾಡಿದ್ದೂ ಮರಳು, ಕಾಪಾಡಿದ್ದೂ ಅದೇ ಮರಳು. ಅದು ಹೇಗೆ ಅಂತೀರಾ?

ಎರಡು ಸಾವಿರ ವರ್ಷಗಳ ಹಿಂದೆ ಪಟಾರಾ ದೊಡ್ಡ ಬಂದರು. ಆಗ ಈ ಸೀಮೆಗೆ ಲಿಸಿಯಾ ಎಂದು ಹೆಸರು. ಇಲ್ಲಿನ 23 ಪಟ್ಟಣಗಳು ಸೇರಿ ಒಂದು ಒಕ್ಕೂಟ ಮಾಡಿಕೊಂಡಿದ್ದವು. ದೊಡ್ಡ ಪಟ್ಟಣಕ್ಕೆ 3 ಮತ, ಮಧ್ಯಮಕ್ಕೆ 2, ಚಿಕ್ಕದಕ್ಕೆ 1. ಪಟಾರಾಕ್ಕೆ 3 ಮತ ಇತ್ತು. ಸಭೆ ಸೇರುತ್ತಿದ್ದ ಕಲ್ಲಿನ ಸಭಾಭವನ ಇಲ್ಲೇ ಇದೆ. 1787-88ರಲ್ಲಿ ಅಮೆರಿಕದ ಸಂವಿಧಾನದ ಪರವಾಗಿ ಲೇಖನ ಬರೆದ ಹ್ಯಾಮಿಲ್ಟನ್, ಮ್ಯಾಡಿಸನ್ ಕೂಡ ಈ ಒಕ್ಕೂಟದ ಉದಾಹರಣೆ ಕೊಟ್ಟಿದ್ದರು. ಹಡಗುಗಳಿಗೆ ದಾರಿ ತೋರಿಸಲು ರೋಮ್ ಚಕ್ರವರ್ತಿ ನೀರೋನ ಕಾಲದಲ್ಲಿ, ಅಂದರೆ ಕ್ರಿ.ಶ. 64ರ ಸುಮಾರಿಗೆ, ಇಲ್ಲಿ ದೀಪಸ್ತಂಭ ಕಟ್ಟಿದ್ದರು.

ಅಷ್ಟು ದೊಡ್ಡ ಊರು ಬರಿದಾದದ್ದು ಯಾಕೆ? ಹತ್ತಿರದಲ್ಲೇ ಎಶೆನ್ ನದಿ ಸಮುದ್ರ ಸೇರುತ್ತೆ. ನದಿ ತಂದ ಮಣ್ಣು ಮರಳನ್ನು ಅಲೆಗಳು ದಡಕ್ಕೆ ತಳ್ಳಿದವು. ನಿಧಾನವಾಗಿ ಬಂದರಿನ ಬಾಯಿ ಕಟ್ಟಿತು. ಹಡಗು ಒಳಗೆ ಬರಲಾಗದೆ ವ್ಯಾಪಾರ ನಿಂತಿತು, ಜನ ಊರು ಬಿಟ್ಟರು. ಬಂದರು ಜೊಂಡು ಬೆಳೆದ ಜೌಗು ಆಯಿತು. ಗಾಳಿ ಹೊತ್ತು ತಂದ ಮರಳು ನಾಟಕಶಾಲೆಯ ಮೆಟ್ಟಿಲುಗಳನ್ನೂ ತುಂಬಿತು. ಥೇಟ್ ನಮ್ಮ ತಲಕಾಡಿನ ಹಾಗೆ!

ಆದರೆ ಮರಳಿನಡಿ ಸೇರಿದ ಕಲ್ಲನ್ನು ಯಾರೂ ಸುಲಭವಾಗಿ ಕಿತ್ತು ಒಯ್ಯಲಾರರು. ಹಾಗಾಗಿ ಎಷ್ಟೋ ಕಟ್ಟಡಗಳು ಉಳಿದವು. 1988ರಲ್ಲಿ ಉತ್ಖನನ ಶುರುವಾಯಿತು. ನಾಟಕಶಾಲೆಯ ಮರಳು ತೆಗೆದರು. ಬಿದ್ದುಹೋಗಿದ್ದ ದೀಪಸ್ತಂಭದ ಕಲ್ಲುಗಳೂ ಮರಳಿನಲ್ಲೇ ಸಿಕ್ಕವು.

ಈಗ ನೋಡಲು ಹೋದವರಿಗೆ ಮೊದಲು ಮೂರು ಕಮಾನಿನ ಕಲ್ಲಿನ ಮಹಾದ್ವಾರ ಕಾಣುತ್ತೆ. ಆಮೇಲೆ ನಾಟಕಶಾಲೆ, ಸಭಾಭವನ. ಕೊನೆಗೆ ಹತ್ತು ಕಿಲೋಮೀಟರಿಗೂ ಉದ್ದದ ಮರಳಿನ ದಂಡೆ. ಅಷ್ಟುದ್ದದ ದಂಡೆಯ ಮೇಲೆ ಒಂದೂ ದೊಡ್ಡ ಹೋಟೆಲಿಲ್ಲ!

ಕಾರಣ ಕಡಲಾಮೆ. ಬೇಸಿಗೆಯ ರಾತ್ರಿಗಳಲ್ಲಿ ತಾಯಿ ಆಮೆ ದಡಕ್ಕೆ ಬಂದು, ಹಿಂಗಾಲಿನಿಂದ ಗುಂಡಿ ತೋಡಿ, ಸುಮಾರು ನೂರು ಮೊಟ್ಟೆ ಇಟ್ಟು, ಮುಚ್ಚಿ ಸಮುದ್ರಕ್ಕೆ ಹೋಗಿಬಿಡುತ್ತೆ. ಕೋಳಿ ಹಾಗೆ ಕಾವು ಕೂರೋದಿಲ್ಲ. ಮರಳಿನ ಬಿಸಿಯೇ ಕಾವು. ಸುಮಾರು ಎರಡು ತಿಂಗಳಿಗೆ ಮರಿಗಳು ಹೊರಗೆ ಬಂದು, ಬೆಳಕು ಕಾಣುವ ಕಡೆಗೆ ಓಡುತ್ತವೆ. ಕತ್ತಲಲ್ಲಿ ಸಮುದ್ರದ ಕಡೆಯೇ ಹೆಚ್ಚು ಬೆಳಕು. ದಡದಲ್ಲಿ ವಿದ್ಯುತ್ ದೀಪ ಇದ್ದರೆ ದಾರಿ ತಪ್ಪಿ ಆ ಕಡೆ ಹೋಗಿ ಸಾಯುತ್ತವೆ. ಅದಕ್ಕೇ ಮೊಟ್ಟೆ ಇಡುವ ಕಾಲದಲ್ಲಿ ರಾತ್ರಿ ಹೊತ್ತು ಅಲ್ಲಿ ಯಾರನ್ನೂ ಬಿಡೋದಿಲ್ಲ. 1990ರಲ್ಲಿ ಸರ್ಕಾರ ಈ ಪ್ರದೇಶವನ್ನು ವಿಶೇಷ ಸಂರಕ್ಷಿತ ಪ್ರದೇಶ ಎಂದು ಘೋಷಿಸಿತು.

ಗೆಲೆಮಿಷ್ ಜನಕ್ಕೆ ಇದು ಸುಲಭವಲ್ಲ. ಹತ್ತಿರದ ಕಲ್ಕನ್ ಊರಿನಲ್ಲಿ ಹೋಟೆಲು, ಬಂಗಲೆಗಳು ಸಾಲುಸಾಲಾಗಿ ಎದ್ದಿವೆ. ಇಲ್ಲಿ ಮನಸ್ಸಿಗೆ ಬಂದ ಹಾಗೆ ಕಟ್ಟುವಂತಿಲ್ಲ. ಸಣ್ಣ ವಸತಿಗೃಹ, ಊಟದ ಹೋಟೆಲು ಇಟ್ಟುಕೊಂಡೇ ಎಷ್ಟೋ ಮನೆಗಳು ನಡೀಬೇಕು. ಅವರ ಕಷ್ಟವೂ ನಿಜವೇ. ಆದರೆ ದಡದ ತುಂಬಾ ದೀಪ ಹಾಕಿದರೆ ಆಮೆ ಉಳಿಯೋದಿಲ್ಲ. ಆಮೆಯೂ ಇಲ್ಲ, ಹಳೇ ಊರೂ ಇಲ್ಲ ಅಂದಮೇಲೆ ನೋಡಲು ಬರುವವರಾದರೂ ಯಾರು? ಹಾಗಾಗಿ ಕಾನೂನು ಇರಬೇಕು, ಜೊತೆಗೆ ಆ ಜನರ ಹೊಟ್ಟೆಪಾಡನ್ನೂ ನೋಡಬೇಕು ಅನ್ನೋದು ನನ್ನ ಅಭಿಪ್ರಾಯ.

ಕಡೆಗೆ ನಿಮಗೊಂದು ಪ್ರಶ್ನೆ. ಆಮೆಯ ಮೊಟ್ಟೆ ಇರುವ ಮರಳು ಹೆಚ್ಚು ಬಿಸಿಯಾದರೆ ಹೆಣ್ಣು ಮರಿ, ತಂಪಾಗಿದ್ದರೆ ಗಂಡು ಮರಿ ಹುಟ್ಟುತ್ತೆ. ಭೂಮಿಯ ಬಿಸಿ ವರ್ಷವರ್ಷಕ್ಕೂ ಏರುತ್ತಾ ಹೋದರೆ ಮುಂದೆ ಆಮೆಗಳ ಗತಿ ಏನು? ಯೋಚಿಸಿ ಬನ್ನಿ, ವಿಜ್ಞಾನದ ಪೀರಿಯಡ್ಡಿನಲ್ಲಿ ಮಾತಾಡೋಣ.

– 9ನೇ ತರಗತಿ ವಿದ್ಯಾರ್ಥಿನಿ